ರಿಮೋಟ್ ಹಿಡಿದು ‘ರಿಯರ್ ವಿಂಡೋ’ ನೋಡುವ ಬಗೆ

ನಾನು ಹೊಟ್ಟೆಪಾಡಿಗೆ ಮದುವೆ ವಿಡಿಯೊ ಎಡಿಟ್ ಮಾಡುವವನು. ಕಟ್ ಎಲ್ಲಿ ಬೀಳಬೇಕು ಅಂತ ನನಗೆ ಕಲಿಸಿದ ಮೇಷ್ಟ್ರು 1954ರ ಒಂದು ಸಿನಿಮಾ, ಆಲ್‌ಫ್ರೆಡ್ ಹಿಚ್‌ಕಾಕ್‌ನ ‘ರಿಯರ್ ವಿಂಡೋ’. ಹಳೇ ಹಾಲಿವುಡ್‌ನವರು ನೋಡುಗನ ತಲೆಯನ್ನು ಹೇಗೆ ತಿರುಗಿಸುತ್ತಿದ್ದರು ಅಂತ ತಿಳಿಯಬೇಕಿದ್ದರೆ ಇದೊಂದನ್ನೇ ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ ಕಥೆಗಾಗಿ. ನಾನು ಹೇಳುತ್ತಿರುವುದೆಲ್ಲ ಎರಡನೇ ಸಲಕ್ಕೆ. ಇನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ರಟ್ಟಾಗುತ್ತದೆ.

ಕಥೆ ಇಷ್ಟು: ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಫೋಟೋಗ್ರಾಫರ್ ಜೆಫ್, ಅಂದರೆ ಜೇಮ್ಸ್ ಸ್ಟೂವರ್ಟ್. ಹೊತ್ತು ಹೋಗದೆ ಹಿಂದಿನ ಅಂಗಳದಾಚೆಯ ಮನೆಗಳನ್ನು ನೋಡುತ್ತಾನೆ. ಎದುರುಮನೆಯ ಥೊರ್ವಾಲ್ಡ್ ಹೆಂಡತಿಯನ್ನು ಕೊಂದಿರಬಹುದು ಅನ್ನುವ ಅನುಮಾನ ಹುಟ್ಟುತ್ತದೆ. ತೆರೆಯ ಮೇಲೆ ಅದು ನ್ಯೂಯಾರ್ಕ್. ನಿಜದಲ್ಲಿ ಪ್ಯಾರಾಮೌಂಟ್ ಸ್ಟುಡಿಯೋದೊಳಗೆ ಕಟ್ಟಿದ 31 ಅಪಾರ್ಟ್‌ಮೆಂಟುಗಳ ಸೆಟ್.

ಮೊದಲು ಟೀವಿಯ ಸದ್ದು ಆರಿಸಿ. ಟೈಟಲ್ ಮುಗಿದದ್ದೇ ಕ್ಯಾಮೆರಾ ಅಂಗಳ ಸುತ್ತಿ ಬಂದು ಜೆಫ್‌ನ ಬೆವರಿದ ಹಣೆಯ ಮೇಲೆ ನಿಲ್ಲುತ್ತದೆ. ಪಕ್ಕದಲ್ಲಿ ಥರ್ಮಾಮೀಟರ್, ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ. ಎಲ್ಲರ ಕಿಟಕಿಯೂ ಯಾಕೆ ತೆರೆದಿದೆ ಅಂತ ಇನ್ನು ಯಾರೂ ಕೇಳುವಂತಿಲ್ಲ. ಆಮೇಲೆ ಕಾಲಿನ ಪ್ಲಾಸ್ಟರ್, ನುಚ್ಚುನೂರಾದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರಿನ ಚಕ್ರ ಕಿತ್ತು ನಮ್ಮತ್ತಲೇ ಹಾರಿಬರುವ ಫೋಟೋ. ಕಡೆಗೆ ಚೌಕಟ್ಟು ಹಾಕಿಟ್ಟ ಒಬ್ಬ ಹೆಂಗಸಿನ ನೆಗೆಟಿವ್, ಅದರ ಹತ್ತಿರದಲ್ಲೇ ಅದೇ ಮುಖ ಹೊತ್ತ ಪತ್ರಿಕೆಗಳ ಅಟ್ಟಿ. ಇಲ್ಲಿ ಪಾಸ್ ಒತ್ತಿ, ಜೆಫ್ ಬಗ್ಗೆ ನಿಮಗೆ ಗೊತ್ತಾದದ್ದನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ಏನು ಕೆಲಸ, ಕಾಲು ಹೇಗೆ ಮುರಿಯಿತು, ಎಂಥ ಹುಂಬ. ನನ್ನ ಚೀಟಿಯಲ್ಲಿ ಏಳು ಸಾಲಾಗಿತ್ತು. ಅಷ್ಟರವರೆಗೆ ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ!

ಸದ್ದು ಹಾಕಿ ಮುಂದಕ್ಕೆ ಹೋಗಿ. ಈಗ ಎಣಿಸಬೇಕಾದದ್ದು ಮೂರು ಶಾಟುಗಳ ಒಂದು ಕಟ್ಟು: ಜೆಫ್ ನೋಡುತ್ತಾನೆ, ಅವನು ಕಂಡದ್ದು ನಮಗೆ ಕಾಣುತ್ತದೆ, ಮತ್ತೆ ಅವನ ಮುಖ. ಸಿನಿಮಾ ತುಂಬ ಇದೇ. ಸ್ಟೂವರ್ಟ್ ಆ ಮೂರನೇ ಶಾಟಿನಲ್ಲಿ ಮಾಡುವುದು ಬಹಳ ಕಮ್ಮಿ. ಉಳಿದದ್ದನ್ನು ನಾವೇ ತುಂಬುತ್ತೇವೆ. ರಷ್ಯಾದ ನಿರ್ದೇಶಕ ಕುಲೆಶೋವ್ ಒಂದೇ ಮುಖದ ಪಕ್ಕ ಬೇರೆ ಬೇರೆ ಶಾಟ್ ಜೋಡಿಸಿ ಮಾಡಿದ ಪ್ರಯೋಗದಿಂದ ಬಂದ ವಿದ್ಯೆ ಇದು. ಹಿಚ್‌ಕಾಕ್ ಇದೇ ಚಿತ್ರದ ಉದಾಹರಣೆ ಕೊಟ್ಟು ವಿವರಿಸುತ್ತಿದ್ದ: ಬುಟ್ಟಿಯಲ್ಲಿ ಕೆಳಗಿಳಿಯುವ ನಾಯಿಮರಿಯನ್ನು ತೋರಿಸಿ ಸ್ಟೂವರ್ಟ್ ನಕ್ಕರೆ ಸಜ್ಜನ, ನಾಯಿಯ ಜಾಗದಲ್ಲಿ ಅರೆಬೆತ್ತಲೆ ಹುಡುಗಿಯನ್ನಿಟ್ಟರೆ ಅದೇ ನಗೆಗೆ ಚಪಲದ ಮುದುಕ.

ಓದಿದರೆ ನಂಬಿಕೆ ಬರುವುದಿಲ್ಲ, ಮೊಬೈಲಿನಲ್ಲಿ ಮಾಡಿ ನೋಡಿ. ನಾನು ನಮ್ಮ ಮಾವನವರು ಜಗಲಿಯಲ್ಲಿ ಕೂತಿದ್ದನ್ನು ಹನ್ನೆರಡು ಸೆಕೆಂಡ್ ತೆಗೆದೆ. ಅದನ್ನು ನಡುವೆ ಕತ್ತರಿಸಿ, ಒಂದು ಕ್ಲಿಪ್ಪಿನಲ್ಲಿ ಪಕ್ಕದ ಮನೆಯ ಹೊಸ ಕಾರು, ಇನ್ನೊಂದರಲ್ಲಿ ಖಾಲಿ ತೊಟ್ಟಿಲು ಸೇರಿಸಿದೆ. ಮೊದಲನೆಯದು ನೋಡಿ ನನ್ನ ಭಾವಮೈದ, “ಅಪ್ಪನಿಗೆ ಈ ವಯಸ್ಸಲ್ಲೂ ಎಷ್ಟು ಹೊಟ್ಟೆಕಿಚ್ಚು ನೋಡಿ ಭಾವ” ಅಂದ. ಎರಡನೆಯದಕ್ಕೆ ಅತ್ತೆಯ ಕಣ್ಣಲ್ಲಿ ನೀರು. ಮಾವನವರು ಸಿಡುಕಿದರು: “ನಾನು ಕಾಫಿಗೆ ಕಾಯ್ತಾ ಕೂತಿದ್ದೆ ಮಾರಾಯ!”

ಇದನ್ನು ಮಾಡುವಾಗ ಒಂದು ಎಚ್ಚರ. ನೋಡುವವನಿಗೂ ಕಾಣುವ ವಸ್ತುವಿಗೂ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡು, ಕ್ಯಾಮೆರಾವನ್ನು ಅದರ ಒಂದೇ ಪಕ್ಕದಲ್ಲಿಡಿ. ನನ್ನ ಮೊದಲ ವರ್ಷದ ಒಂದು ಮದುವೆಯಲ್ಲಿ ಇಬ್ಬರು ಕ್ಯಾಮೆರಾದವರು ಮಂಟಪದ ಎರಡೂ ಕಡೆ ನಿಂತಿದ್ದರು. ಎಡಿಟ್‌ನಲ್ಲಿ ಜೋಡಿಸಿದಾಗ ಗಂಡೂ ಬಲಕ್ಕೆ, ಹೆಣ್ಣೂ ಬಲಕ್ಕೆ ಮುಖ ಮಾಡಿ ಮೂರನೆಯವರು ಯಾರಿಗೋ ಹಾರ ಹಾಕಿದ ಹಾಗಿತ್ತು. ಹುಡುಗಿಯ ಚಿಕ್ಕಪ್ಪ ದುಡ್ಡು ಹಿಡಿದುಕೊಂಡರು. ಅವರದೇನೂ ತಪ್ಪಿಲ್ಲ.

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಚಿತ್ರದುದ್ದಕ್ಕೂ ಕ್ಯಾಮೆರಾ ಹೆಚ್ಚುಕಮ್ಮಿ ಜೆಫ್‌ನ ಕೋಣೆಯಲ್ಲೇ, ಅವನ ಕಣ್ಣಿಗೇ ಅಂಟಿಕೊಂಡಿರುತ್ತದೆ. ಬರಿಗಣ್ಣು, ಆಮೇಲೆ ಬೈನಾಕ್ಯುಲರ್, ಆಮೇಲೆ ಉದ್ದದ ಲೆನ್ಸ್. ಚಪಲ ಹೆಚ್ಚಿದ ಹಾಗೆ ಎದುರುಮನೆ ದೊಡ್ಡದಾಗುತ್ತದೆ. ಈ ನಿಯಮ ಎಲ್ಲಿ ಮುರಿಯುತ್ತದೆ ಅಂತ ಹುಡುಕಿ. ಒಂದು ರಾತ್ರಿ ಜೆಫ್ ನಿದ್ದೆ ಹೋಗಿರುವಾಗ ಥೊರ್ವಾಲ್ಡ್ ಒಬ್ಬ ಹೆಂಗಸಿನ ಜೊತೆ ಹೊರಗೆ ಹೋಗುವುದು ನಮಗೆ ಮಾತ್ರ ಕಾಣುತ್ತದೆ. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿ. ಅಲ್ಲಿಂದ ಮುಂದೆ ಜೆಫ್ ಎಷ್ಟು ವಾದ ಮಾಡಿದರೂ ನಮ್ಮೊಳಗೆ ಒಂದು ಅಳುಕು ಉಳಿಯುತ್ತದೆ, ಹೆಂಡತಿ ಬದುಕಿದ್ದಾಳೋ ಏನೋ ಅಂತ.

ನಾಯಿ ಸತ್ತಾಗಲೂ ಹಾಗೆಯೇ. ಯಜಮಾನಿತಿ ಚೀರಿದ ಕೂಡಲೇ ಕ್ಯಾಮೆರಾ ಅಂಗಳಕ್ಕಿಳಿದು ನೆರೆಯವರ ಮುಖಗಳನ್ನು ಹತ್ತಿರದಿಂದ ತೋರಿಸುತ್ತದೆ. ಬೊಂಬೆಗಳಂತೆ ಕಂಡಿದ್ದವರು ಥಟ್ಟನೆ ಮನುಷ್ಯರಾಗುತ್ತಾರೆ. ಒಂದು ಕಿಟಕಿಗೆ ಮಾತ್ರ ಯಾರೂ ಬರುವುದಿಲ್ಲ. ಕತ್ತಲಲ್ಲಿ ಸಿಗರೇಟಿನ ಕೆಂಡವೊಂದು ಮಿನುಗುತ್ತದೆ, ಅಷ್ಟೇ. ಅಪರಾಧಿ ಯಾರೆಂದು ಬೆಳಕಿಲ್ಲದೆ ಹೇಳುವ ಲೈಟಿಂಗ್ ಅದು.

ಆಮೇಲೆ ಉಂಗುರ. ಜೆಫ್‌ನ ಪ್ರೇಯಸಿ ಲೀಸಾ, ಅಂದರೆ ಗ್ರೇಸ್ ಕೆಲ್ಲಿ, ಥೊರ್ವಾಲ್ಡನ ಮನೆಯಲ್ಲಿ ಸಿಕ್ಕಿಬಿದ್ದು, ಬೆನ್ನ ಹಿಂದೆ ಕೈ ತಂದು, ಬೆರಳಿಗೆ ಹಾಕಿಕೊಂಡ ಅವನ ಹೆಂಡತಿಯ ಮದುವೆ ಉಂಗುರವನ್ನು ಜೆಫ್‌ಗೆ ತೋರಿಸುತ್ತಾಳೆ. ಥೊರ್ವಾಲ್ಡ್ ಕೈ ನೋಡುತ್ತಾನೆ, ತಲೆಯೆತ್ತುತ್ತಾನೆ, ನೇರ ಲೆನ್ಸಿನೊಳಕ್ಕೆ ದಿಟ್ಟಿಸುತ್ತಾನೆ. ಅಷ್ಟು ಹೊತ್ತು ಪುಕ್ಕಟೆ ಇಣುಕುತ್ತಿದ್ದ ನಾವು ಸಿಕ್ಕಿಬಿದ್ದೆವು. ನಾನು ಪ್ರತಿ ಸಲವೂ ಸೋಫಾದಲ್ಲಿ ಹಿಂದಕ್ಕೆ ಸರಿಯುತ್ತೇನೆ.

ಕೊನೆಗೆ ಥೊರ್ವಾಲ್ಡ್ ಜೆಫ್‌ನ ಕೋಣೆಗೇ ಬರುತ್ತಾನೆ. ನಿನಗೆ ನನ್ನಿಂದ ಏನು ಬೇಕು ಅಂತ ಕೇಳುತ್ತಾನೆ. ಜೆಫ್ ಬಾಯಿ ಬಿಡುವುದಿಲ್ಲ. ಥೊರ್ವಾಲ್ಡ್ ಮೇಲೆ ಬಂದಾಗ ಜೆಫ್ ಫ್ಲ್ಯಾಶ್ ಬಲ್ಬುಗಳನ್ನು ಒಂದೊಂದಾಗಿ ಹೊತ್ತಿಸುತ್ತಾನೆ, ಪ್ರತಿ ಸಲವೂ ತೆರೆಗೆ ಕೆಂಪು ಕವಿಯುತ್ತದೆ. ಅಲ್ಲಿ ಪಾಸ್ ಒತ್ತಿ. ಆ ಕೆಂಪು ಥೊರ್ವಾಲ್ಡನ ಕಣ್ಣಿನದು. ಕೊಲೆಗಾರನ ಕಣ್ಣು ನಮ್ಮ ಕಣ್ಣಾಗಿದೆ, ಜೆಫ್ ಕತ್ತಲಲ್ಲಿ ಕೂತ ಒಂದು ಆಕಾರವಾಗಿದ್ದಾನೆ.