ಹಳೇ ಮನೆ ಗೋಡೆಯ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಹಾಕಿದ್ದು: ನನ್ನ ಅನುಭವ

ಹಳೇ ಮನೆ ರಿಪೇರಿಗೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ. ಸಿಮೆಂಟ್ ಚೀಲ ತರುವ ಮೊದಲು ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ನೋಡಿ.

ಸಾಗರದ ಕಡೆಯ ನಮ್ಮ ಮನೆ ಅಜ್ಜನ ಕಾಲದ್ದು. ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಹಿಂದೆ ಯಾವಾಗಲೋ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿ ಪ್ಲಾಸ್ಟಿಕ್ ಪೇಂಟ್ ಬಳಿಸಿದ್ದರು. ಜಗಲಿಯ ಗೋಡೆ ಸೊಂಟದ ಎತ್ತರದವರೆಗೂ ತೇವ, ಪೇಂಟು ಎದ್ದು ಉದುರುವುದು, ಅದರ ಹಿಂದೆ ಬಿಳೀ ಉಪ್ಪು. ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿ ಅಂತ ಎಲ್ಲರ ಸಲಹೆ. ನಾನು ಒಪ್ಪಲಿಲ್ಲ. ಇಂಥ ಮನೆಯ ಬುನಾದಿಯಲ್ಲಿ ತೇವ ತಡೆಯುವ ಪದರ ಇರುವುದಿಲ್ಲ, ನೆಲದ ನೀರು ಕಲ್ಲಿನೊಳಗಿನ ಸಣ್ಣ ಸಣ್ಣ ತೂತುಗಳಲ್ಲಿ ಮೇಲೆ ಹತ್ತುತ್ತದೆ, ಸುಣ್ಣದ ಗಾರೆ ಇದ್ದಾಗ ಅದು ಗಾಳಿಗೆ ಆರಿಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಬರಲು ದಾರಿ ಇಲ್ಲದ ನೀರು ಇನ್ನೂ ಮೇಲೆ ಹೋಗುತ್ತದೆ, ಅಲ್ವಾ?

ಶುರು ಮಾಡಿದ್ದು ಹೊರಗಿನಿಂದ. ಅಂಗಳದ ಮಣ್ಣು ವರ್ಷ ವರ್ಷ ಏರಿ ಗೋಡೆಗೆ ಒತ್ತಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಸೂರಿನ ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಟ್ಟು ಚರಂಡಿ ಮಾಡಿದೆ. ಬರೀ ಗುದ್ದಲಿ ಕೆಲಸ, ಖರ್ಚಿಲ್ಲ, ಆದರೆ ಅರ್ಧ ಪರಿಹಾರ ಇದೇ.

ಆಮೇಲೆ ಒಳಗಡೆ ಉಳಿ, ಸುತ್ತಿಗೆ. ಉಳಿಯನ್ನು ಓರೆಯಾಗಿ ಹಿಡಿದರೆ ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಬರುತ್ತದೆ, ನೇರ ಹೊಡೆದರೆ ಕಲ್ಲೇ ಒಡೆಯುತ್ತದೆ. ಧೂಳು ಜಾಸ್ತಿ, ಮಾಸ್ಕ್ ಬೇಕೇ ಬೇಕು. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಗೋಡೆಯನ್ನು ಚಳಿಗಾಲವಿಡೀ ಹಾಗೇ ಬೆತ್ತಲೆ ಬಿಟ್ಟೆ. ನೋಡಲು ಚೆಂದ ಇರಲಿಲ್ಲ, ಆದರೆ ಅವಸರ ಮಾಡಬಾರದು.

ಆ ಹೊತ್ತಿಗೆ ಸುಣ್ಣ ಅರಳಿಸಿ ಇಟ್ಟಿದ್ದೆ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕನ್ನಡಕ ಮತ್ತು ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆಲವು ವಾರ ನೀರಿನಡಿಯಲ್ಲೇ ನೆನೆದರೆ ಬೆಣ್ಣೆಯ ಹಾಗೆ ಆಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಗೋಡೆಗೆ ನೀರು ಚಿಮುಕಿಸಿ, ಕರಣೆಯಿಂದ ಎಸೆದು ಒತ್ತಿ, ತೆಳುವಾಗಿ ಎರಡು ಸಲ ಹಾಕಿದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುವ ಪದಾರ್ಥ. ಹಾಗಾಗಿ ಬೇಗ ಒಣಗಲು ಬಿಡಬೇಡಿ, ಒದ್ದೆ ಗೋಣಿ ಇಳಿಬಿಡಿ. ಮೇಲೆ ಸುಣ್ಣ ಬಳಿಯಿರಿ ಸಾಕು, ಪ್ಲಾಸ್ಟಿಕ್ ಪೇಂಟ್ ಬಳಿದರೆ ಮಾಡಿದ್ದೆಲ್ಲ ದಂಡ.

ಮಾಡಿನ ಒಡೆದ ಹಂಚನ್ನೂ ನಾನೇ ಬದಲಿಸಿದೆ. ಅಂಗಡಿಗೆ ಹೋಗುವಾಗ ಒಂದು ಹಳೇ ಹಂಚು ಜೊತೆಗಿರಲಿ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಎಲ್ಲರ ಹಂಚೂ ಒಂದಕ್ಕೊಂದು ಕೂರುವುದಿಲ್ಲ. ಹೊಸ ರೀಪಿಗೆ ಒರಲೆ ಹಿಡಿಯದಿರಲೆಂದು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆ. ಅದು ಚರ್ಮ ಸುಡುತ್ತದೆ, ಹುಷಾರು.

ತೊಲೆ ಮತ್ತು ವೈರಿಂಗ್ ಮಾತ್ರ ಗೊತ್ತಿದ್ದವರಿಗೇ ಬಿಟ್ಟೆ. ವೈರಿಂಗ್ ಕೆಲಸ ಗಾರೆಗಿಂತ ಮುಂಚೆ ಮುಗಿಯಬೇಕು. ಗೋಡೆಯಲ್ಲಿ ವೈರಿನ ಪೈಪ್ ಕೂರಿಸಿದ ಮೇಲೆ ಸಿಮೆಂಟ್ ಮೆತ್ತುವ ಅಭ್ಯಾಸ ವೈರಿಂಗ್‌ನವರಿಗೆ, ಹಾಗಾಗಿ ಸುಣ್ಣದ ಗಾರೆ ಕಲಸಿ ನೀವೇ ಅವರ ಕೈಗೆ ಕೊಡಿ.