ಅರವತ್ತರ ಮೇಲೆ ಅಡ್ಡಿ ಎಲ್ಲಿದೆ? ಅಡಿಕೆ ಇಟ್ಟು ಅಳೆದ ನನ್ನ ಅನುಭವ

ಸಾಗರ, ಹೊಸನಗರ ಕಡೆಯ ಹಳ್ಳಿಗಳಲ್ಲಿ ಹಿರಿಯರ ಜೊತೆ ಆಪ್ತ ಸಮಾಲೋಚನೆ ಮಾಡುವುದು ನನ್ನ ಕೆಲಸ. ವಯಸ್ಸಾದ ಮೇಲೂ ‘ನಾನು ಇಂಥವಳು’ ಅನ್ನುವುದು ಬೆಳೆಯುತ್ತಲೇ ಇರುತ್ತದೆ ಅಂತ ನಾನು ನಂಬಿದ್ದೇನೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1950ರಲ್ಲೇ ಬದುಕನ್ನು ಎಂಟು ಹಂತ ಮಾಡಿ ಕೊನೆಯದನ್ನು ಮುಪ್ಪಿಗೆ ಇಟ್ಟರು. ಅವರು ತೀರಿಕೊಂಡ ಮೇಲೆ, 1997ರಲ್ಲಿ, ಹೆಂಡತಿ ಜೋನ್ ಒಂಬತ್ತನೇ ಹಂತ ಸೇರಿಸಿದರು. ಆಗ ಅವರಿಗೇ ತೊಂಬತ್ತು ದಾಟಿತ್ತು. ನನಗೆ ಬೇಕಿದ್ದದ್ದು ಇನ್ನೊಂದು ಲೆಕ್ಕ: ಈ ಬೆಳವಣಿಗೆಗೆ ಏನು ಅಡ್ಡ ಬರುತ್ತದೆ, ಎಷ್ಟು ಬರುತ್ತದೆ?

‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಮೆಟ್ಟಿಲಿನ ಉತ್ತರಪಟ್ಟಿ 1932ರಲ್ಲಿ ಲಿಕರ್ಟ್ ಅನ್ನುವ ಮನಶ್ಶಾಸ್ತ್ರಜ್ಞ ಕೊಟ್ಟದ್ದು. ಮಲೆನಾಡಿನ ಜಗಲಿಯಲ್ಲಿ ಅದನ್ನು ಓದಿದರೆ, ಮನೆಗೆ ಬಂದವರ ಮಾತು ತೆಗೆದುಹಾಕಬಾರದು ಅಂತ ಎಲ್ಲದಕ್ಕೂ ‘ಹೌದು ಹೌದು’ ಅಂದುಬಿಡುತ್ತಾರೆ. ಹಾಗಾಗಿ ನಾನು ಒಂದು ತಟ್ಟೆ, ಐದು ಅಡಿಕೆ ಇಡುತ್ತೇನೆ. ಮೊದಲು ‘ಇನ್ನೂ ಏನು ಮಾಡಬೇಕು ಅಂತ ಮನಸ್ಸಿದೆ?’ ಅಂತ ಕೇಳಿ ಸುಮ್ನೆ ಕೂರುತ್ತೇನೆ. ಆಮೇಲೆ ಒಂದೊಂದೇ ಅಡ್ಡಿ ಹೇಳುತ್ತೇನೆ: ಮೈಕೈ ನೋವು, ದುಡ್ಡು, ಬಸ್ಸು, ಜಾಗ, ಮನೆಯವರು, ಊರವರ ಬಾಯಿ, ತನ್ನದೇ ಹಿಂಜರಿಕೆ. ಅಡ್ಡಿಯೇ ಇಲ್ಲ ಅಂದರೆ ತಟ್ಟೆ ಖಾಲಿ. ದಾಟಲಿಕ್ಕೇ ಆಗದು ಅಂದರೆ ಐದೂ ಹಾಕಬೇಕು. ಹುಟ್ಟಿದಾಗಿನಿಂದ ಅಡಿಕೆ ಮುಟ್ಟಿದ ಕೈಗಳು, ಸಂಕೋಚವಿಲ್ಲದೆ ಹಾಕುತ್ತವೆ. ನಾಲ್ಕು ಹಾಕಿ, ಸೊಸೆ ಕಾಫಿ ತಂದಾಗ ಎರಡನ್ನು ವಾಪಸ್ ತೆಗೆದುಕೊಂಡರೆ ಅದನ್ನೂ ಬರೆದುಕೊಳ್ಳುತ್ತೇನೆ. ಅಂಥ ಪ್ರಶ್ನೆಯನ್ನು ಆಮೇಲೆ ತೋಟದಲ್ಲಿ ನಡೆಯುತ್ತಾ ಇನ್ನೊಮ್ಮೆ ಕೇಳುತ್ತೇನೆ.

ಸಾಗರದ ಹತ್ತಿರ ಒಬ್ಬ ಅಜ್ಜಿ ಹಸೆ ಚಿತ್ತಾರ, ಅಂದರೆ ಮನೆ ಗೋಡೆಯ ಚಿತ್ರ, ಬರೆಯುತ್ತಿದ್ದವರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಊರಿನ ಮದುವೆಗಳಿಗೆಲ್ಲ ಅವರೇ ಬೇಕಿತ್ತು. ಈಗ ಮಗ ತಾರಸಿ ಮನೆ ಕಟ್ಟಿಸಿ ಪೇಂಟ್ ಹೊಡೆಸಿದ್ದಾನೆ. ‘ಮನೆಯವರು’ ಅಂದಾಗ ಅಜ್ಜಿ ಒಂದೂ ಅಡಿಕೆ ಹಾಕಲಿಲ್ಲ. ‘ಮಗ ಬಂಗಾರದಂಥವ, ತಂಗಿ’ ಅಂದರು. ‘ಜಾಗ’ ಅಂದಾಗ ಐದೂ ಬಿತ್ತು. ‘ಈ ಗೋಡೆ ಮೇಲೆ ಬರೆಯಕ್ಕೆ ಆಗತ್ತಾ? ಕೊಳೆ ಆಗತ್ತೆ ಅಂತಾನೆ.’ ಮಗನ ಅಡ್ಡಿ ಗೋಡೆಯ ಹೆಸರಿನಲ್ಲಿ ಕೂತಿತ್ತು. ಇದನ್ನು ನೋಡಿದ ಮೇಲೆ ಪ್ರತಿ ಅಡ್ಡಿಗೂ ‘ಇದನ್ನು ಯಾರು ಸರಿಮಾಡಬಹುದು?’ ಅನ್ನುವ ಪ್ರಶ್ನೆ ಸೇರಿಸಿದೆ. ಅಜ್ಜಿ ಹೇಳಿದ್ದು ಮಗನನ್ನೇ. ಅವರಿಗೆ ಹಳೆಯ ಗೋಡೆಯೇ ಬೇಕು ಅಂತಿರಲಿಲ್ಲ. ಬಟ್ಟೆ ಮೇಲೆ ಬರೆದು ಊರಿನ ಹುಡುಗಿಯರಿಗೆ ಕಲಿಸಬೇಕು ಅಂತಿತ್ತು. ಇಷ್ಟು ದಿನ ಬರೆಯುವವರಾಗಿದ್ದವರು ಈಗ ಕಲಿಸುವವರಾಗಬೇಕು, ಅಷ್ಟೇ.

‘ವಯಸ್ಸಾಯ್ತಲ್ಲ’ ಅನ್ನುವ ಉತ್ತರವನ್ನು ನಾನು ಹಾಗೇ ಬರೆದುಕೊಳ್ಳುವುದಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ಊರಿಗೆ ಮರಳಿದ ಒಬ್ಬರು ಎಲ್ಲದಕ್ಕೂ ಇದನ್ನೇ ಅಂದರು. ಬಿಡಿಸಿ ಕೇಳಿದರೆ ಕಿವಿ ಮಂದವಾಗಿತ್ತು. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ (ಪಾತ್ರದ ಮಾತಾಡುವವ) ಏನಂದ ಅಂತ ಕೇಳದೆ ಕೂರಲು ನಾಚಿಕೆ.

ಮನಸ್ಸು ಕುಗ್ಗಿದವರಿಗೆ ಎಲ್ಲವೂ ಅಡ್ಡಿಯಾಗಿಯೇ ಕಾಣುತ್ತದೆ. ಅದಕ್ಕೇ ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯನ್ನು ಮೊದಲು ಕೇಳುತ್ತೇನೆ. ಅಂಕ 5 ದಾಟಿದರೆ ಅಡಿಕೆ ತಟ್ಟೆ ಬದಿಗಿಟ್ಟು ಮನೋವೈದ್ಯರ ಹತ್ತಿರ ಕಳಿಸುತ್ತೇನೆ.

ಇನ್ನೊಂದು, ನಮ್ಮ ಕಡೆ ಋತು ನೋಡಲೇಬೇಕು. ಅಡಿಕೆ ಕೊಯ್ಲಿನಲ್ಲಿ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತ ಅಜ್ಜಿಗೆ ‘ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ’ ಅನ್ನುವುದಕ್ಕೆ ಅಡಿಕೆ ಹಾಕಲು ಪುರುಸೊತ್ತೂ ಇಲ್ಲ, ಮನಸ್ಸೂ ಇಲ್ಲ. ಅದೇ ಅಜ್ಜಿ ಆಷಾಢದ ಮಳೆಯಲ್ಲಿ ಮೂರು ನಾಲ್ಕು ಹಾಕುತ್ತಾರೆ. ಎರಡೂ ನಿಜವೇ. ಉತ್ತರ ಎಷ್ಟು ಗಟ್ಟಿ ಅಂತ ನೋಡಲು ಎರಡನೇ ಸಲ ಕೇಳುವುದನ್ನು ಅದೇ ಋತುವಿನೊಳಗೆ ಮುಗಿಸುತ್ತೇನೆ. ಮಳೆಗಾಲದ ಲೆಕ್ಕಕ್ಕೆ ಬೇರೆ ಹಾಳೆ. ಒಟ್ಟು ಅಂಕವನ್ನಂತೂ ಕೂಡಿಸುವುದೇ ಇಲ್ಲ. ಮಂಡಿ ನೋವಿನ ಐದು, ಮಗನ ಐದು ಸೇರಿ ಹತ್ತಾದರೆ ನಾಳೆ ಯಾರ ಹತ್ತಿರ ಮಾತಾಡಬೇಕು ಅಂತ ಆ ಹತ್ತು ಹೇಳುವುದಿಲ್ಲ, ಅಲ್ವಾ?