ರೌಂಡಬೌಟ್‌ನಲ್ಲಿ ಗಿರ್ರನೆ ತಿರುಗಿದ ನನ್ನ ಕಾರು

ಇಂಗ್ಲೆಂಡಿಗೆ ಬಂದ ಮೇಲೆ ಹಳೆಯ ಮಜ್ದಾ ಎಂಎಕ್ಸ್-5 ಕೊಂಡೆ. ಹಿಂದಿನ ಚಕ್ರಗಳಿಂದ ಓಡುವ ಕಾರು ನನಗೆ ಹೊಸದು. ಒಂದು ಮಳೆಯ ಸಂಜೆ ರೌಂಡಬೌಟ್‌ನಲ್ಲಿ ಹಿಂಬದಿ ಜಾರಿತು. ಗಾಬರಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಕಾರು ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಿಂದೆ ಯಾರೂ ಇರಲಿಲ್ಲ, ಪುಣ್ಯ.

ಒಮ್ಮೆಲೇ ಕಾಲು ತೆಗೆದದ್ದೇ ತಪ್ಪು. ಆಗ ಭಾರ ಥಟ್ಟನೆ ಮುಂದಕ್ಕೆ ಬೀಳುತ್ತದೆ, ಹಿಂದಿನ ಟೈರುಗಳಿಗೆ ಉಳಿದಿದ್ದ ಹಿಡಿತವೂ ಹೋಗುತ್ತದೆ.

ಟೈರುಗಳನ್ನೂ ನೋಡಿದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವಲ್ವಾ, ಅದು ತಯಾರಾದ ವಾರ ಮತ್ತು ವರ್ಷ. ಹಿಂದಿನ ಎರಡರಲ್ಲೂ 2309, ಅಂದರೆ 2009ರ 23ನೇ ವಾರ. ಸವೆದಿರಲಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿತ್ತು. ನಾಲ್ಕೂ ಬದಲಿಸಿದೆ.

ಆಮೇಲೆ ನೀರು ಬಿಟ್ಟ ಸ್ಕಿಡ್ ಪ್ಯಾನ್‌ನಲ್ಲಿ, ಅಂದರೆ ಜಾರುವ ಕಾರನ್ನು ಸಂಭಾಳಿಸಲು ಕಲಿಸುವ ಅಂಗಳದಲ್ಲಿ, ಅರ್ಧ ದಿನ ಕಲಿತೆ. ಹಿಂಬದಿ ಎಡಕ್ಕೆ ಜಾರಿದರೆ ಸ್ಟೀರಿಂಗ್ ಎಡಕ್ಕೆ. ಕಣ್ಣು ಹೋಗಬೇಕಾದ ದಾರಿಯ ಮೇಲೆ. ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಬೇಕು. ನನಗೆ ಜಾಸ್ತಿ ಕಷ್ಟವಾದದ್ದು ಇನ್ನೊಂದು: ಹಿಡಿತ ವಾಪಸ್ ಬಂದ ಕ್ಷಣವೇ ಸ್ಟೀರಿಂಗ್ ನೇರ ಮಾಡುವುದು. ತಡವಾದರೆ ಕಾರು ಆಚೆ ಬದಿಗೆ ಚಾವಟಿಯಂತೆ ಬೀಸುತ್ತದೆ. ಆರೇಳು ಸಲ ಹಾಗೇ ತಿರುಗಿದೆ. ಪೂರ್ತಿ ಕೈ ಮೀರಿದರೆ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ ಹಿಡಿಯಬೇಕು.

ಈಗ ತಿರುವಿಗೆ ಮೊದಲೇ ಬ್ರೇಕ್ ಮುಗಿಸುತ್ತೇನೆ. ಮೊನ್ನೆ ಅದೇ ರೌಂಡಬೌಟ್, ಅಂಥದೇ ಮಳೆ. ಹಿಂಬದಿ ಒಂಚೂರು ಅಲುಗಿತು, ಕೈ ತಾನಾಗಿ ತಿದ್ದಿತು.